ಕಾಫಿ ಎಷ್ಟು ಗಂಟೆಗೆ ಬೇಕು?

(ಸೋಮವಾರಪೇಟೆಯಲ್ಲಿ ಕಾಲೇಜು ವಿದ್ಯಾರ್ಥಿಗಳು, ಅಂಗವಿಕಲ ಮಕ್ಕಳ ತಂದೆತಾಯಂದಿರು, ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನು ನೆನಪಿನಿಂದ ಬರೆದು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪರಿಚಯ ಮಾಡಿಕೊಟ್ಟ ಮೇಡಂ ಒಂದು ಮಾತು ಹೇಳಿದರು. "ಇವರು ಯಾರ ಸಹಾಯವೂ ಇಲ್ಲದೆ ಸ್ವತಂತ್ರವಾಗಿ ಬದುಕುತ್ತಿದ್ದಾರೆ" ಅಂತ. ಪ್ರೀತಿಯಿಂದ ಹೇಳಿದ ಮಾತು, ಅವರಿಗೆ ಧನ್ಯವಾದ. ಆದರೆ ಅದನ್ನು ಸರಿಪಡಿಸದೆ ನಾನು ಮುಂದೆ ಹೋಗುವ ಹಾಗಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ಬೆಳಿಗ್ಗೆ ಏಳು ಗಂಟೆಗೆ ನನ್ನ ಸಹಾಯಕ ಹುಡುಗ ಮನೆಗೆ ಬಂದ. ನನ್ನನ್ನು ಮಗ್ಗುಲಿಗೆ ತಿರುಗಿಸಿ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ ಅಂತ ನೋಡಿದ. ನನಗೆ ಸೊಂಟದ ಕೆಳಗೆ ನೋವು ಗೊತ್ತಾಗುವುದಿಲ್ಲ. ಹುಣ್ಣು ಶುರುವಾದರೂ ತಿಳಿಯುವುದಿಲ್ಲ, ಕಣ್ಣಿನಿಂದಲೇ ನೋಡಬೇಕು. ಆಮೇಲೆ ಹಲಗೆ ಇಟ್ಟು ಮಂಚದಿಂದ ಗಾಲಿಕುರ್ಚಿಗೆ ದಾಟಿಸಿದ. ಸ್ನಾನಕ್ಕೆ ನೀರು ತುಂಬಿದ. ಶೂ ಹಾಕಿದ. ಅಂಗಳದಿಂದ ರಸ್ತೆಗೆ ಏರು ಇದೆ, ಅಲ್ಲಿ ಅವನ ಜೊತೆ ಪಕ್ಕದ ಮನೆಯವರೂ ಕೈ ಹಾಕಿದರು. ಜೀಪು ಓಡಿಸಿದ್ದು ಇನ್ನೊಬ್ಬರು. ಈ ಸಭಾಂಗಣದ ಮೂರು ಮೆಟ್ಟಿಲು ಹತ್ತಿಸಿದವರು ನಿಮ್ಮ ಕಾಲೇಜಿನ ನಾಲ್ಕು ಹುಡುಗರು. ಇಷ್ಟು ಜನರ ಕೈ ಸೇರಿ ನಾನು ಈಗ ನಿಮ್ಮ ಮುಂದೆ ಇದ್ದೇನೆ.

ಆದರೂ ನಾನು ಸ್ವತಂತ್ರ. ಯಾಕೆ ಅಂದರೆ ಏಳು ಗಂಟೆಗೆ ಬಾ ಅಂತ ಅವನಿಗೆ ಹೇಳಿದ್ದು ನಾನು. ಈ ನೀಲಿ ಶರ್ಟು ನಾನೇ ಆರಿಸಿದ್ದು. ಇವತ್ತು ತೋಟದ ಕೆಲಸ ಬಿಟ್ಟು ಇಲ್ಲಿಗೆ ಬರಬೇಕು ಅಂತ ತೀರ್ಮಾನ ಮಾಡಿದ್ದೂ ನಾನೇ.

ಮೊದಲೆಲ್ಲ ಮಂಚದಿಂದ ಕುರ್ಚಿಗೆ ನಾನೇ ದಾಟಿಕೊಳ್ಳುತ್ತಿದ್ದೆ. ಎಲ್ಲರೂ ಭೇಷ್ ಅನ್ನುತ್ತಿದ್ದರು. ಆದರೆ ಅದಕ್ಕೂ ಬಟ್ಟೆ ಹಾಕಿಕೊಳ್ಳುವುದಕ್ಕೂ ಸೇರಿ ಒಂದೂವರೆ ಗಂಟೆ ಹೋಗುತ್ತಿತ್ತು. ಅಷ್ಟರಲ್ಲಿ ಸುಸ್ತಾಗಿ ಬಿಡುತ್ತಿದ್ದೆ. ಇಪ್ಪತ್ತು ವರ್ಷ ಚಕ್ರ ತಳ್ಳಿ ತಳ್ಳಿ ಭುಜದ ಕೀಲೂ ಸವೆದಿದೆ. ಈಗ ಆ ಕೆಲಸಕ್ಕೆ ಸಹಾಯ ತೆಗೆದುಕೊಳ್ಳುತ್ತೇನೆ. ಉಳಿದ ಶಕ್ತಿಯನ್ನು ತೋಟದ ಲೆಕ್ಕಕ್ಕೆ, ಓದುವುದಕ್ಕೆ, ಇಂಥ ಊರೂರು ತಿರುಗುವುದಕ್ಕೆ ಇಟ್ಟುಕೊಂಡಿದ್ದೇನೆ. ಸಹಾಯ ಜಾಸ್ತಿಯಾದ ಮೇಲೆ ನನ್ನ ಸ್ವಾತಂತ್ರ್ಯವೂ ಜಾಸ್ತಿಯಾಯಿತು.

ಇದು ವಿಚಿತ್ರ ಅನ್ನಿಸಿದರೆ ನಮ್ಮ ಕೊಡಗಿನ ತೋಟವನ್ನೇ ನೋಡಿ. ನೂರು ಎಕರೆ ತೋಟದ ಸಾಹುಕಾರರು ಒಂದು ಕಾಫಿ ಹಣ್ಣನ್ನಾದರೂ ತಾವೇ ಕೊಯ್ಯುತ್ತಾರಾ? ಕೊಯ್ಯುವವರು ಬೇರೆ. ಮರ ಕಪಾತು ಮಾಡುವವರು ಬೇರೆ. ಲೆಕ್ಕ ಬರೆಯುವುದಕ್ಕೆ ರೈಟರ್ ಇದ್ದಾರೆ, ಕಾರಿಗೆ ಡ್ರೈವರ್ ಇದ್ದಾನೆ, ಅಡುಗೆಗೂ ಜನ ಇದ್ದಾರೆ. ಅವರನ್ನು ಯಾರಾದರೂ "ಅಯ್ಯೋ ಪಾಪ, ಎಲ್ಲದಕ್ಕೂ ಇನ್ನೊಬ್ಬರನ್ನು ನೆಚ್ಚಿಕೊಂಡಿದ್ದಾರೆ" ಅನ್ನುತ್ತಾರಾ? ಇಲ್ಲ ಅಲ್ವಾ? ಯಾವಾಗ ಗೊಬ್ಬರ ಹಾಕಬೇಕು, ಯಾವ ಮರ ಕಡಿಯಬಾರದು, ಈ ವರ್ಷ ಕಾಫಿ ಮಾರಬೇಕಾ ಇಟ್ಟುಕೊಳ್ಳಬೇಕಾ ಅನ್ನುವ ಮಾತು ಅವರದು. ಹಾಗಾಗಿ ತೋಟ ಅವರದು. ಅಂಗವಿಕಲನ ಬದುಕಿನ ವಿಷಯ ಬಂದಾಗ ಮಾತ್ರ ನಾವು ಬೇರೆ ಲೆಕ್ಕ ಹಾಕುತ್ತೇವೆ. ಅವನು ತನ್ನ ಕೈಯಿಂದಲೇ ಅನ್ನ ಕಲಸಿ ತಿಂದರೆ ಸ್ವತಂತ್ರ, ಇನ್ನೊಬ್ಬರು ತಿನ್ನಿಸಿದರೆ ಅಲ್ಲ ಅನ್ನುತ್ತೇವೆ. ಏನು ತಿನ್ನಬೇಕು ಅಂತ ಅವನನ್ನು ಕೇಳಿದರಾ ಅನ್ನುವುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನಾನು ಮರದಿಂದ ಬಿದ್ದವನು. 2004ರ ಮಾರ್ಚ್, ಕರಿಮೆಣಸಿನ ಕುಯ್ಲು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ, ಬಿದಿರಿನ ಏಣಿ. ಆಗ ನನಗೆ 24 ವರ್ಷ. ಇದನ್ನು ಈ ಊರಿನಲ್ಲಿ ಜಾಸ್ತಿ ವಿವರಿಸಬೇಕಾಗಿಲ್ಲ. ಮೆಣಸು ಕೊಯ್ಯುವಾಗ ಬಿದ್ದವರು, ಕಪಾತು ಮಾಡುವಾಗ ಕೊಂಬೆ ಮುರಿದು ಬಿದ್ದವರು, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿದವರು ನಿಮ್ಮ ನಿಮ್ಮ ಊರಿನಲ್ಲೂ ಇದ್ದಾರೆ. ಅವರಲ್ಲಿ ಬದುಕಿ ಉಳಿದವರು ಯಾವ ಮನೆಯ ಯಾವ ಕೋಣೆಯಲ್ಲಿದ್ದಾರೆ ಅಂತ ನಿಮಗೇ ಗೊತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮೂರು ವರ್ಷ ನಾನೂ ಅಂಥ ಒಂದು ಕೋಣೆಯಲ್ಲಿದ್ದೆ. ಅಮ್ಮ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಡಾಕ್ಟರ್ ಹೇಳಿದ್ದರು. ರಾತ್ರಿ ಅಲಾರಂ ಇಟ್ಟುಕೊಂಡು ಅಷ್ಟನ್ನೂ ಮಾಡಿದರು. ಆ ಋಣ ದೊಡ್ಡದು. ಆ ಮೂರು ವರ್ಷವೂ ಬೆಳಿಗ್ಗೆ ಆರಕ್ಕೆ ಕಾಫಿ ಬರುತ್ತಿತ್ತು. ನನಗೆ ರಾತ್ರಿ ನಿದ್ದೆ ಬರುವಾಗಲೇ ಎರಡು ಗಂಟೆ ದಾಟುತ್ತಿತ್ತು. ಏಳೂವರೆಗೆ ಕುಡಿಯಬೇಕು ಅನ್ನಿಸುತ್ತಿತ್ತು. ಒಂದು ದಿನವೂ ಹೇಳಲಿಲ್ಲ. ಇಷ್ಟು ಮಾಡುತ್ತಿರುವವರ ಹತ್ತಿರ ಕಾಫಿ ಹೊತ್ತು ಬದಲಿಸಿ ಅಂತ ಹೇಗೆ ಕೇಳುವುದು? ಹಾಗೇ ಒಂದೊಂದೇ ವಿಷಯ ನನ್ನ ಕೈಯಿಂದ ಜಾರಿ ಹೋಯಿತು. ಯಾವ ಶರ್ಟು, ಟಿವಿಯಲ್ಲಿ ಯಾವ ಚಾನೆಲ್, ಯಾರು ಬಂದರೆ ಮಾತಾಡಬೇಕು, ಯಾರು ಬಂದರೆ ಮಲಗಿದ್ದಾನೆ ಅನ್ನಬೇಕು, ಹುತ್ತರಿ ಹಬ್ಬದ ದಿನ ಕದಿರು ಕುಯ್ಯುವ ಹೊತ್ತಿಗೆ ನನ್ನನ್ನು ಗದ್ದೆ ಹತ್ತಿರ ಕರೆದುಕೊಂಡು ಹೋಗಬೇಕಾ ಬೇಡವಾ. ಎಲ್ಲವೂ ಪಕ್ಕದ ಕೋಣೆಯಲ್ಲಿ ತೀರ್ಮಾನವಾಗಿ ನನ್ನ ಕೋಣೆಗೆ ಬರುತ್ತಿತ್ತು. ಆಸ್ಪತ್ರೆಗೆ ಹೋದರೆ ಅಲ್ಲಿಯೂ ನನ್ನ ಮುಂದೆಯೇ ಅಣ್ಣನನ್ನು ಕೇಳುತ್ತಿದ್ದರು, "ಇವರು ಸರಿಯಾಗಿ ಊಟ ಮಾಡ್ತಾರಾ?" ಅಂತ.

ಕೆಟ್ಟವರು ಅಂತ ಯಾರೂ ಇರಲಿಲ್ಲ. ಕೆಟ್ಟವರಿದ್ದಿದ್ದರೆ ಜಗಳವಾಡುವುದು ಸುಲಭ ಇತ್ತು. ಪ್ರೀತಿಸುವವರ ಹತ್ತಿರ ನಮ್ಮ ತೀರ್ಮಾನವನ್ನು ವಾಪಸ್ ಕೇಳುವುದು ಬಹಳ ಕಷ್ಟ. ಕೊಡಗಿನ ಮನೆಗಳಲ್ಲಿ ಒಗ್ಗಟ್ಟಿದೆ, ನೆಂಟರು ಕೈಬಿಡುವುದಿಲ್ಲ, ಕಾಯಿಲೆ ಬಿದ್ದವರನ್ನು ಬೀದಿಗೆ ಹಾಕುವುದಿಲ್ಲ. ಇದು ನಮ್ಮ ಹೆಮ್ಮೆ. ಅದೇ ಮನೆಗಳಲ್ಲಿ ನಲವತ್ತು ವರ್ಷದ ಅಂಗವಿಕಲನನ್ನು ಇನ್ನೂ "ಮಗು" ಅಂತ ಕರೆಯುತ್ತೇವೆ.

2007ರಲ್ಲಿ ಬೆಂಗಳೂರಿನ ಒಂದು ಪುನರ್ವಸತಿ ಕೇಂದ್ರಕ್ಕೆ ಹೋದೆ. ಅಲ್ಲಿ ನನ್ನನ್ನು ಬದಲಿಸಿದ್ದು ವ್ಯಾಯಾಮವಲ್ಲ. ನನ್ನಂತೆಯೇ ಗಾಲಿಕುರ್ಚಿಯಲ್ಲಿದ್ದ, ನನಗಿಂತ ಹತ್ತು ವರ್ಷ ಹಿರಿಯರೊಬ್ಬರು ಬಂದು ಕೂತು, "ನಿನಗೆ ಎಷ್ಟು ಗಂಟೆಗೆ ಏಳುವ ಅಭ್ಯಾಸ?" ಅಂದರು. ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಹೇಳಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಮೂತ್ರದ ನಳಿಕೆ ಹಾಕಿಕೊಳ್ಳುವುದರಿಂದ ಹಿಡಿದು ಮನೆಯವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವವರೆಗೆ ಅವರೇ ಕಲಿಸಿದರು. ಡಾಕ್ಟರ್ ಹೇಳಿದರೆ ಅದು ಸಲಹೆ. ಅದೇ ಕುರ್ಚಿಯಲ್ಲಿ ಕೂತವರು ಹೇಳಿದರೆ ನಂಬಿಕೆ ಬರುತ್ತದೆ. ಅಂಗವಿಕಲರೇ ಅಂಗವಿಕಲರಿಗಾಗಿ ಸಂಸ್ಥೆ ಕಟ್ಟಿದ ಉದಾಹರಣೆ ನಮ್ಮಲ್ಲಿ ಹಳೆಯದು. ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಸಂಸ್ಥೆ ಶುರು ಮಾಡಿದ್ದು 1959ರಲ್ಲಿ. ಅವರೂ ಅಂಗವಿಕಲರು.

ಈ ಸ್ವತಂತ್ರ ಬದುಕು ಅನ್ನುವುದೆಲ್ಲ ಅಮೆರಿಕದ ವಿಚಾರ, ನಮ್ಮ ಕುಟುಂಬ ಪದ್ಧತಿಗೆ ಒಗ್ಗುವುದಿಲ್ಲ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ಹಾಗಾದರೆ ಅಮೆರಿಕದಲ್ಲಿ ಇದು ಶುರುವಾದದ್ದು ಹೇಗೆ ಅಂತ ಸ್ವಲ್ಪ ಹೇಳಬೇಕು. ಕೇಳಿದ ಮೇಲೆ ಅವರ ಕಥೆಗೂ ನಮ್ಮದಕ್ಕೂ ಎಷ್ಟು ದೂರ ಅಂತ ನೀವೇ ನೋಡಿ.

ಎಡ್ ರಾಬರ್ಟ್ಸ್ ಅಂತ ಒಬ್ಬ ಹುಡುಗ, ಕ್ಯಾಲಿಫೋರ್ನಿಯಾದವನು. 1953ರಲ್ಲಿ, 14ನೇ ವಯಸ್ಸಿನಲ್ಲಿ ಪೋಲಿಯೊ ಬಂತು. ಕತ್ತಿನ ಕೆಳಗೆ ಹೆಚ್ಚುಕಮ್ಮಿ ಏನೂ ಅಲ್ಲಾಡುತ್ತಿರಲಿಲ್ಲ. ಉಸಿರಾಟಕ್ಕೂ ಯಂತ್ರ ಬೇಕು. ರಾತ್ರಿ ಮಲಗುವುದು ಕಬ್ಬಿಣದ ದೊಡ್ಡ ಪೀಪಾಯಿಯಂಥ ಯಂತ್ರದೊಳಗೆ, ತಲೆ ಮಾತ್ರ ಹೊರಗೆ. ಅವನು ಓದಬೇಕು ಅಂದ. ಸರ್ಕಾರದ ಪುನರ್ವಸತಿ ಇಲಾಖೆ, ನೀನು ಓದಿದರೂ ಕೆಲಸ ಮಾಡಲಾರೆ, ನಿನಗೆ ಖರ್ಚು ಮಾಡುವುದು ದಂಡ ಅಂದಿತು. ತಾಯಿ ಜೊತೆಗೆ ನಿಂತು ಹೋರಾಡಿದರು. 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದ. ಹಾಸ್ಟೆಲಿನಲ್ಲಿ ಆ ಯಂತ್ರ ಇಡಲು ಜಾಗ ಇರಲಿಲ್ಲ. ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಒಂದು ಕೋಣೆ ಕೊಟ್ಟರು. ಅಸಹಾಯಕ ಹೆಳವ ಕಾಲೇಜಿಗೆ ಬಂದ ಅನ್ನುವ ಅರ್ಥದಲ್ಲಿ ಪತ್ರಿಕೆಯಲ್ಲಿ ಸುದ್ದಿಯಾಯಿತು.

ಅವನ ದಾರಿ ಹಿಡಿದು ಇನ್ನಷ್ಟು ಜನ ಬಂದರು. ಅದೇ ಆಸ್ಪತ್ರೆಯಲ್ಲಿ ಉಳಿದರು. ರಾತ್ರಿ ಹೊತ್ತು ಸೇರಿ ಮಾತಾಡುತ್ತಾ ಒಂದು ವಿಷಯ ಗೊತ್ತುಮಾಡಿಕೊಂಡರು: ನಮಗೆ ಬೇಕಾಗಿರುವುದು ನರ್ಸ್ ಅಲ್ಲ, ನಾವು ಹೇಳಿದಂತೆ ಕೆಲಸ ಮಾಡುವ ಸಹಾಯಕ. ಅವನನ್ನು ಆರಿಸುವುದು ನಾವು, ಕೆಲಸ ಕಲಿಸುವುದು ನಾವು, ಸರಿಹೋಗದಿದ್ದರೆ ಬಿಡಿಸುವುದೂ ನಾವು. 1972ರಲ್ಲಿ ಬರ್ಕ್ಲಿ ಊರಿನಲ್ಲೇ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು. ಸಹಾಯಕರನ್ನು ಹುಡುಕಿಕೊಡುವುದು, ಮೆಟ್ಟಿಲಿಲ್ಲದ ಬಾಡಿಗೆ ಮನೆ ಹುಡುಕುವುದು, ಕೆಟ್ಟ ಗಾಲಿಕುರ್ಚಿ ರಿಪೇರಿ, ಹೊಸಬರಿಗೆ ಹಳಬರಿಂದ ಬುದ್ಧಿಮಾತು. ಇಷ್ಟೇ ಕೆಲಸ. ಅದನ್ನು ನಡೆಸುವವರು ಅಂಗವಿಕಲರೇ ಆಗಿರಬೇಕು ಅನ್ನುವುದೇ ಮುಖ್ಯ ನಿಯಮ. 1975ರಲ್ಲಿ ಎಡ್ ರಾಬರ್ಟ್ಸ್, ತನ್ನನ್ನು ಯಾವ ಕೆಲಸಕ್ಕೂ ಬಾರದವನು ಅಂದಿದ್ದ ಅದೇ ಇಲಾಖೆಯ ನಿರ್ದೇಶಕರಾದರು.

ನೋಡಿ, ಅವರ ಹತ್ತಿರವೂ ಮೊದಲು ಕಾನೂನು ಇರಲಿಲ್ಲ, ರಸ್ತೆ ಸರಿ ಇರಲಿಲ್ಲ. ಮನೆಯವರ ಭಯ ನಮ್ಮಷ್ಟೇ ಇತ್ತು. ಜೂಡಿ ಹ್ಯೂಮನ್ ಅನ್ನುವ ಹುಡುಗಿಯನ್ನು ಐದನೇ ವಯಸ್ಸಿನಲ್ಲಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಬೆಂಕಿ ಬಿದ್ದರೆ ಗಾಲಿಕುರ್ಚಿಯಿಂದ ಅಪಾಯ ಅಂತ ಕಾರಣ ಕೊಟ್ಟರು. ಅದೇ ಜೂಡಿ 1977ರಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರ ಜೊತೆ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತರು. ಮೂಲೆಗುಂಪಾಗಿದ್ದ ಕಾನೂನಿನ ನಿಯಮಗಳಿಗೆ ಸಹಿ ಹಾಕಿಸಿದ ಮೇಲೆಯೇ ಎದ್ದರು. ನಮ್ಮ ದೇಶದಲ್ಲೂ ಸುಮ್ನೆ ಕೂತವರಿಗೆ ಕಾನೂನು ಬರಲಿಲ್ಲ. ಅಂಗವಿಕಲರ ಹಕ್ಕಿಗಾಗಿ ಹೋರಾಡುತ್ತಿದ್ದ ಜಾವೇದ್ ಆಬಿದಿ ಮತ್ತು ಅವರ ಗೆಳೆಯರು 1995ರ ಡಿಸೆಂಬರಿನ ಚಳಿಯಲ್ಲಿ ದಿಲ್ಲಿಯ ಬೀದಿಗೆ ಇಳಿದರು. ಅದೇ ತಿಂಗಳು ಸಂಸತ್ತು ಮೊದಲ ಅಂಗವಿಕಲರ ಕಾಯ್ದೆ ಒಪ್ಪಿತು.

ಆ ಕಾಯ್ದೆಯ ಜಾಗದಲ್ಲಿ ಈಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮೊದಲು 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರು, ಈಗ 21. ಜನರಿಗೆ ಈ ಕಾಯ್ದೆ ಗೊತ್ತಿರುವುದು ಮೀಸಲಾತಿಯಿಂದ, ಸರ್ಕಾರಿ ಕೆಲಸದಲ್ಲಿ ಶೇ 4, ಕಾಲೇಜು ಸೀಟಿನಲ್ಲಿ ಶೇ 5. ನನ್ನ ಪ್ರಕಾರ ಅದರ ಜೀವ ಇರುವುದು ಬೇರೆ ಎರಡು ಕಡೆ.

ಒಂದು, 5ನೇ ಸೆಕ್ಷನ್. ಅಂಗವಿಕಲರಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ, ಇಂಥ ಕಡೆಯೇ ಇರಬೇಕು ಅಂತ ಯಾರೂ ಅವರನ್ನು ಕಟ್ಟಿಹಾಕುವ ಹಾಗಿಲ್ಲ ಅನ್ನುತ್ತದೆ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 19ನೇ ವಿಧಿಯಲ್ಲೂ ಇದೇ ಮಾತಿದೆ. ಭಾರತ ಅದಕ್ಕೆ 2007ರಲ್ಲೇ ಒಪ್ಪಿಗೆ ಕೊಟ್ಟಿದೆ.

ಇನ್ನೊಂದು, 13ನೇ ಸೆಕ್ಷನ್. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಜಮೀನು ಇರುವ ಮನೆಯವರು ಇಲ್ಲಿ ಜಾಸ್ತಿ ಇದ್ದೀರಿ.

ನನಗೆ ಗೊತ್ತಿರುವ ಒಬ್ಬರ ಕಥೆ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಲೆಕ್ಕದಲ್ಲಿ ಬಹಳ ಚುರುಕು. ಮನೆಯಲ್ಲಿ ಆಸ್ತಿ ಪಾಲಾಗುವಾಗ, "ನಿನಗೆ ಯಾಕೆ ತಲೆನೋವು, ನಾವಿದ್ದೀವಲ್ಲ" ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಗದದಲ್ಲಿ ಏನಿದೆ ಅಂತ ಓದಿ ಹೇಳಿದವರು ಅಣ್ಣಂದಿರೇ. ಪಾಲು ತೆಗೆದುಕೊಂಡವರೂ ಅವರೇ. ಇಂಥದ್ದಕ್ಕೇ ಕಾಯ್ದೆಯಲ್ಲಿ ಒಂದು ಮಾತಿದೆ. ಅಂಗವಿಕಲರಿಗೂ ಬೇರೆಯವರಷ್ಟೇ ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ, ಹಣಕಾಸು ತಾವೇ ನೋಡಿಕೊಳ್ಳುವ, ಬ್ಯಾಂಕಿನ ಸಾಲ ತೆಗೆದುಕೊಳ್ಳುವ ಹಕ್ಕಿದೆ. ಅವರಿಗೆ ಸಹಾಯ ಮಾಡುತ್ತಿರುವವರಿಗೂ ಅವರಿಗೂ ಒಂದು ವ್ಯವಹಾರದಲ್ಲಿ ಲಾಭ ನಷ್ಟದ ಎದುರುಬದುರು ಬಂದರೆ, ಆ ವ್ಯವಹಾರದಲ್ಲಿ ಸಹಾಯಕ್ಕೆ ನಿಂತವರು ಪಕ್ಕಕ್ಕೆ ಸರಿಯಬೇಕು. ಅಂದರೆ ಪಾಲು ಪಡೆಯುವ ಅಣ್ಣನೇ ಕಾಗದ ಓದಿ ಹೇಳುವ ಹಾಗಿಲ್ಲ. ಯಾರ ಸಹಾಯ ಬೇಕು ಅಂತ ಬದಲಿಸುವ, ಬೇಡ ಅನ್ನುವ ಹಕ್ಕೂ ಅಂಗವಿಕಲರದೇ. ಊರಿನಲ್ಲಿ ಪಂಚಾಯ್ತಿ ಕೂತು ಪಾಲು ಮಾಡುವ ಹಿರಿಯರು ದಯವಿಟ್ಟು ಈ ಮಾತು ನೆನಪಿಟ್ಟುಕೊಳ್ಳಿ. ಬ್ಯಾಂಕಿನವರಿಗೂ ಅಷ್ಟೇ. ಕಣ್ಣು ಕಾಣದವರಿಗೆ ಚೆಕ್ ಪುಸ್ತಕ, ಎಟಿಎಂ ಇಲ್ಲ ಅನ್ನಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಟ್ಟಿಯಾಗಿ ಹೇಳಬೇಕಾದ ಮಾತು. ಕಾಲಿಗೆ ಪೋಲಿಯೊ ಆದ ಅಕ್ಕ ಮನೆಯಲ್ಲಿ ಎಲ್ಲರ ಮಕ್ಕಳನ್ನೂ ಸಾಕುತ್ತಾಳೆ. ಅವಳಿಗೆ ಮದುವೆ ಬೇಕಾ ಅಂತ ಯಾರೂ ಕೇಳಿರುವುದಿಲ್ಲ. ಬೇಡ ಅಂತ ಅವಳೇ ಹೇಳಿದ್ದರೆ ಸರಿ. ಕೇಳದೆಯೇ ಬೇಡ ಅಂತ ಬರೆದುಕೊಂಡದ್ದು ತಪ್ಪು. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಹುಡುಗಿಯರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಬಿಡೋಣ ಅನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅವರದೇ ಒಪ್ಪಿಗೆ ಇಲ್ಲದೆ, ಅವರಿಗೆ ತಿಳಿಸಿ ಹೇಳದೆ ಹಾಗೆ ಮಾಡುವುದು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಕೂಡದು.

ಇನ್ನು 2018ರ ಆಗಸ್ಟ್. ನಮ್ಮ ಮನೆ ಮಾದಾಪುರದ ಕಡೆ. ಗುಡ್ಡ ಜರಿಯುತ್ತಿದೆ, ಎಲ್ಲರೂ ಇಳಿಯಿರಿ ಅಂತ ಕೂಗು ಬಂತು. ಮಳೆ, ಕತ್ತಲು, ಕರೆಂಟಿಲ್ಲ. ಹುಡುಗರು ಓಡಿ ಬಂದು ನನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡರು. ಅವರಿಲ್ಲದಿದ್ದರೆ ನಾನು ಇವತ್ತು ಮಾತಾಡುತ್ತಿರಲಿಲ್ಲ. ಗಾಲಿಕುರ್ಚಿ, ಕುರ್ಚಿ ಅಂತ ನಾನು ಕೂಗುತ್ತಿದ್ದೆ. "ಅಣ್ಣ, ಅದನ್ನ ಆಮೇಲೆ ತರೋಣ, ಮೊದಲು ಜೀವ" ಅಂದರು. ಕುರ್ಚಿ ಮನೆಯಲ್ಲೇ ಉಳಿಯಿತು. ಮೆತ್ತೆ, ನಳಿಕೆ, ಔಷಧಿ ಎಲ್ಲವೂ ಅಲ್ಲೇ. ಒಂದು ಶಾಲೆಯ ಪರಿಹಾರ ಕೇಂದ್ರದಲ್ಲಿ ಹನ್ನೊಂದು ದಿನ ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದೆ. ಶೌಚಾಲಯ ಆರು ಮೆಟ್ಟಿಲು ಕೆಳಗೆ. ಸೊಂಟದಲ್ಲಿ ಹುಣ್ಣಾಯಿತು. ಅದು ವಾಸಿಯಾಗಲು ಏಳು ತಿಂಗಳು ಹಿಡಿಯಿತು.

ಆ ಹುಡುಗರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಮೊದಲೇ ಯಾರಾದರೂ ನನ್ನ ಹತ್ತಿರ ಕೂತು, ಮಳೆಗಾಲದಲ್ಲಿ ಹೀಗಾದರೆ ನಿಮ್ಮನ್ನು ಹೇಗೆ ಎತ್ತಬೇಕು, ಜೊತೆಗೆ ಏನು ತರಬೇಕು ಅಂತ ಕೇಳಿದ್ದರೆ ಐದು ನಿಮಿಷದ ಮಾತಿತ್ತು. ಈಗ ನಾನೇ ಆ ಪಟ್ಟಿ ಮಾಡಿ ಬಾಗಿಲ ಹಿಂದೆ ಅಂಟಿಸಿದ್ದೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಕ್ಕಪಕ್ಕದ ಮನೆಯವರಿಗೆ ಓದಿ ಹೇಳುತ್ತೇನೆ. ಮಡಚುವ ಕುರ್ಚಿ ಎಲ್ಲಿದೆ, ಚೀಲ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು. ಪಂಚಾಯಿತಿ ಸದಸ್ಯರು ಬಂದಿದ್ದೀರಿ. ನಿಮ್ಮ ಊರಿನ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುತ್ತದೆ. ಮಳೆ ಶುರುವಾಗುವ ಮೊದಲು ಆ ಮನೆಗಳಿಗೆ ಹೋಗಿ ಕೇಳಿ ಬರೆದುಕೊಳ್ಳಿ. ಮನೆಯವರನ್ನಲ್ಲ, ಅವರನ್ನೇ ಕೇಳಿ.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅದರಲ್ಲಿ 1.86 ಕೋಟಿ ಜನ ಹಳ್ಳಿಗಳಲ್ಲಿ. ಆದರೆ ಅನುಕೂಲದ ಮಾತು ಬಂದಾಗ ಎಲ್ಲರ ಕಣ್ಣ ಮುಂದೆ ಬರುವುದು ಪಟ್ಟಣದ ಲಿಫ್ಟು, ಮೆಟ್ರೊ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಬಸ್ಸಿನ ಮೆಟ್ಟಿಲು ಎತ್ತರ. ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಏರು ಇಳಿತ. ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಮಾಡುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ನಿಯಮ. ಮೂರು ಮೆಟ್ಟಿಲಿಗೆ ಸುಮಾರು ಹದಿನೆಂಟು ಅಡಿ. ನಾನು ನೋಡಿದ ಎಷ್ಟೋ ರ‍್ಯಾಂಪುಗಳು ಆರು ಅಡಿಯಲ್ಲಿ ಮುಗಿದಿರುತ್ತವೆ. ಅದರಲ್ಲಿ ಹತ್ತುವುದಕ್ಕೆ ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮಳೆಗಾಲದಲ್ಲಿ ಪಾಚಿ ಬೇರೆ. ಕಟ್ಟುವ ಮೊದಲು ಊರಿನ ಒಬ್ಬ ಗಾಲಿಕುರ್ಚಿಯವರನ್ನು ಕರೆದು ತೋರಿಸಿದರೆ ಆ ಸಿಮೆಂಟು ದಂಡವಾಗುವುದಿಲ್ಲ. ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಅಂತ ಶೇ 5ರಷ್ಟು ಹಣ ಇಡಬೇಕು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಹೇಳುವವರೂ ಅವರೇ ಆಗಬೇಕು. ಎಲ್ಲರಿಗೂ ಒಂದೇ ರೀತಿಯ ಸಾಮಾನು ತಂದು ಹಂಚಿ ಫೋಟೊ ತೆಗೆದರೆ, ಕೇಳಿಸದವರ ಮನೆಗೂ ಊರುಗೋಲು ಹೋಗುತ್ತದೆ. ಹಾಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ.

ಬಾಣೆ ಜಮೀನು, ಗದ್ದೆ ಇರುವ ಮನೆಯಲ್ಲಿ ಹುಟ್ಟಿದ್ದರಿಂದ ನನಗೆ ಸಹಾಯಕನನ್ನು ಇಟ್ಟುಕೊಳ್ಳಲು ಆಯಿತು. ತೋಟದ ಕೂಲಿಯವರ ಲೈನ್ ಮನೆಯಲ್ಲಿ, ಆದಿವಾಸಿಗಳ ಹಾಡಿಯಲ್ಲಿ ಇರುವವರಿಗೆ ಅದು ಎಲ್ಲಿಂದ ಬರಬೇಕು? ನನ್ನ ಜೊತೆಗೇ ಮರ ಹತ್ತುತ್ತಿದ್ದ ಕೂಲಿಯವನು ಬಿದ್ದಿದ್ದರೆ ಅವನಿಗೆ ಬೆಂಗಳೂರು ಸಿಗುತ್ತಿರಲಿಲ್ಲ. ಈ ಮಾತು ನನ್ನನ್ನು ರಾತ್ರಿ ಎಷ್ಟೋ ಸಲ ಎಚ್ಚರವಾಗಿ ಇಟ್ಟಿದೆ. ಸ್ವತಂತ್ರ ಬದುಕು ಹಣವಿದ್ದವರ ಸೌಕರ್ಯ ಆಗಿಬಿಟ್ಟರೆ ನಾವು ಮಾತಾಡಿದ್ದೆಲ್ಲ ವ್ಯರ್ಥ.

ಇಷ್ಟು ಹೇಳಿ ಪ್ರಶ್ನೆಗೆ ಬಿಟ್ಟೆ.

ಒಬ್ಬ ತಾಯಿ ಎದ್ದು ನಿಂತರು. ಮಗನಿಗೆ 19 ವರ್ಷ, ಬುದ್ಧಿ ಬೆಳವಣಿಗೆ ಕಡಿಮೆ. "ನಿಮಗೆ ಬುದ್ಧಿ ಇದೆ, ಮಾತು ಬರುತ್ತೆ, ನೀವು ತೀರ್ಮಾನ ಮಾಡ್ತೀರಿ. ನನ್ನ ಮಗ ಏನು ತೀರ್ಮಾನ ಮಾಡ್ತಾನೆ ಸರ್? ನಾವು ಹೋದ ಮೇಲೆ ಅವನಿಗೆ ಯಾರು?" ಅಂದರು. ಸಭೆ ನಿಶ್ಶಬ್ದವಾಯಿತು.

ಅಮ್ಮಾ, ಆ ಎರಡನೆಯ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ ಅಂದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮಕ್ಕಳಿಗೆ 18 ತುಂಬಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಪ್ರಕಾರ ಕಾನೂನಿನ ಪೋಷಕರನ್ನು, ಅಂದರೆ ಗಾರ್ಡಿಯನ್‌ರನ್ನು, ನೇಮಿಸುವ ಸಮಿತಿ ಇದೆ, ಅದು ಜಿಲ್ಲಾಧಿಕಾರಿಗಳ ಕೆಳಗೆ ಬರುತ್ತದೆ. ಅಲ್ಲಿಗೆ ಹೋಗುವ ಮೊದಲು 2016ರ ಕಾಯ್ದೆಯ 14ನೇ ಸೆಕ್ಷನ್ ಕೇಳಿ ತಿಳಿದುಕೊಳ್ಳಿ. ಅದರಲ್ಲಿ ಪೋಷಕರು ಅವನ ಬದಲಿಗೆ ಅಲ್ಲ, ಅವನ ಜೊತೆ ಸೇರಿ ತೀರ್ಮಾನ ಮಾಡಬೇಕು ಅಂತಿದೆ. ಆಮೇಲೆ ಕೇಳಿದೆ, ನಿಮ್ಮ ಮಗನಿಗೆ ಏನು ಇಷ್ಟ? "ಬಸ್ಸು. ದಿನಾ ಗೇಟಿನ ಹತ್ತಿರ ನಿಂತು ಬಸ್ಸು ನೋಡ್ತಾನೆ." ಹತ್ತಿ ಹೋಗಿದ್ದಾನಾ? "ಒಬ್ಬನೇ ಹೇಗೆ ಕಳಿಸೋದು?" ಒಬ್ಬನೇ ಬೇಡ. ಯಾವ ಬಸ್ಸು ಹತ್ತಬೇಕು ಅಂತ ಅವನು ಹೇಳಲಿ. ನೀವು ಹಿಂದೆ ಕೂತುಕೊಳ್ಳಿ, ಟಿಕೆಟ್ ಅವನು ತೆಗೆಯಲಿ. ತಪ್ಪು ಬಸ್ಸು ಹತ್ತಿದರೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬನ್ನಿ. ನಾವೆಲ್ಲರೂ ತಪ್ಪು ಬಸ್ಸು ಹತ್ತಿಯೇ ಕಲಿತವರು. ಅವನಿಗೆ 19 ವರ್ಷದಿಂದ ಒಂದು ತಪ್ಪು ಮಾಡುವುದಕ್ಕೂ ನಾವು ಬಿಟ್ಟಿಲ್ಲ. ನೀವಿಲ್ಲದ ದಿನ ಬಂದಾಗ ಅವನಿಗೆ ಬೇಕು, ಬೇಡ ಅನ್ನುವುದಾದರೂ ಬಾಯಲ್ಲಿ ಇರಬೇಕು ಅಮ್ಮಾ. ಸುತ್ತಲಿನ ನಾಲ್ಕು ಜನರಿಗೆ ಅವನ ಬೇಕು ಬೇಡ ತಿಳಿದಿರಬೇಕು. ಅದಕ್ಕೆ ಅವನು ಗೇಟಿನ ಹೊರಗೆ ಬರಬೇಕು.

ಅವರು ಒಪ್ಪಿದರಾ ಗೊತ್ತಿಲ್ಲ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಕೂತರು.

ಸಹಾಯಕನಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಾನೇ, ಮೆಣಸು ಕಾಫಿಯ ದುಡ್ಡಿನಲ್ಲಿ. ಸ್ವೀಡನ್ ದೇಶದಲ್ಲಿ ಆಡಾಲ್ಫ್ ರಾಟ್ಸ್ಕ ಅನ್ನುವ ಅಂಗವಿಕಲರೊಬ್ಬರು ಗೆಳೆಯರನ್ನು ಸೇರಿಸಿ 1984ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಸಹಾಯಕರ ಸಂಬಳದ ಹಣವನ್ನು ಸರ್ಕಾರ ಅಂಗವಿಕಲರ ಕೈಗೇ ಕೊಡಲಿ, ಆರಿಸುವುದು ನಾವು ಅಂತ ಕೇಳಿದರು. ಹತ್ತು ವರ್ಷದಲ್ಲಿ, 1994ರಿಂದ, ಅದು ಆ ದೇಶದ ಕಾನೂನೇ ಆಯಿತು. ನಮ್ಮ 2016ರ ಕಾಯ್ದೆಯಲ್ಲೂ ಹೆಚ್ಚು ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತಿದೆ. ಕೊಡಗಿನವರಿಗೆ ಸಹಕಾರ ಸಂಘ ಹೊಸದಲ್ಲ. ಜೇನಿಗೆ, ಕಾಫಿಗೆ, ಏಲಕ್ಕಿಗೆ ಕಟ್ಟಿದ್ದೇವೆ. ಇದಕ್ಕೂ ಕಟ್ಟಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಲೈನ್ ಮನೆಯವರೂ ಅದರಲ್ಲಿ ಸದಸ್ಯರಾಗಬೇಕು.

ಸಭೆ ಮುಗಿದ ಮೇಲೆ ತೋಟದ ಕೆಲಸದ ಒಬ್ಬ ಯುವಕ ಹತ್ತಿರ ಬಂದ. ತಮ್ಮ ಮೂರು ವರ್ಷದ ಹಿಂದೆ ಮರದಿಂದ ಬಿದ್ದವನಂತೆ, ಲೈನ್ ಮನೆಯಲ್ಲೇ ಮಲಗಿದ್ದಾನಂತೆ. "ಅವನನ್ನೂ ಕರ್ಕೊಂಡು ಬರಬೇಕಿತ್ತು ಅಣ್ಣ" ಅಂದ. ಬರ್ತೀಯಾ ಅಂತ ಕೇಳಿದ್ದೆಯಾ ಅಂದೆ. ತಲೆ ತಗ್ಗಿಸಿದ. ನನ್ನ ನಂಬರ್ ಬರೆದುಕೊಟ್ಟೆ.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಮಾತಾಡಿದ್ದು ತಮ್ಮನೇ. ಹೆಸರು ಹೇಳಿದ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಣ್ಣ, ನಿಮ್ಮ ಗಾಲಿಕುರ್ಚಿ ಎಷ್ಟು ಅಗಲ ಇದೆ?" ಬಾಗಿಲು ಅಳೆಯಲು ಟೇಪು ತರಿಸು ಅಂದೆ. ಟೇಪು ಇರಲಿಲ್ಲ. ಮಗುವಿನ ಸ್ಕೂಲ್ ಸ್ಕೇಲ್ ಇಟ್ಟು ಅವನ ಅಣ್ಣ ಅಳೆದ. 26 ಇಂಚು. ನನ್ನ ಕುರ್ಚಿ 24.